ಹುಲ್ಲುಬೆಟ್ಟದ ಹಕ್ಕಿಗಳು: ನೋಡಿ ಹೆಸರಿಸುವ ಪಾಠ

(ಎಂಟು ಮತ್ತು ಒಂಬತ್ತನೆಯ ತರಗತಿಗಳಿಗೆ, ಆರು ಅವಧಿಗಳು)

ಪಾಠದ ಆಶಯ

ವರ್ಣನೆ ಬರೆಯಿರಿ ಎಂದೊಡನೆ ಪ್ರೌಢಶಾಲೆಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಸಿದ್ಧವಾಕ್ಯಗಳ ಮೊರೆಹೋಗುತ್ತಾರೆ. ಅವರ ಬರವಣಿಗೆಯಲ್ಲಿ ಹಕ್ಕಿಗಳೆಲ್ಲ ಚಿಲಿಪಿಲಿಗುಟ್ಟುತ್ತವೆ, ಬೆಟ್ಟಗಳೆಲ್ಲ ಹಚ್ಚಹಸಿರಾಗಿರುತ್ತವೆ, ಪ್ರಕೃತಿಯು ಸದಾ ರಮಣೀಯವಾಗಿರುತ್ತದೆ. ಇಂತಹ ವಾಕ್ಯಗಳಲ್ಲಿ ವ್ಯಾಕರಣದೋಷವಿರುವುದಿಲ್ಲ. ಆದರೆ ಯಾವ ಬೆಟ್ಟ, ಯಾವ ಹಕ್ಕಿ, ಅದು ಏನು ಮಾಡುತ್ತಿತ್ತು ಎಂಬುದು ಓದುವವರಿಗೆ ತಿಳಿಯುವುದೇ ಇಲ್ಲ. ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಕನ್ನಡ ಮಕ್ಕಳಿಗೆ ಇನ್ನೊಂದು ತೊಡಕೂ ಉಂಟು. ದೇವಾಂಗ ನೇಕಾರರ ಮನೆಗಳಲ್ಲಿಯೂ ಒಕ್ಕಲಿಗರ ಮನೆಗಳಲ್ಲಿಯೂ ಆಡುವ ಕನ್ನಡವೊಂದು, ಪಠ್ಯಪುಸ್ತಕದ ಕನ್ನಡ ಮತ್ತೊಂದು, ಬೀದಿಯಲ್ಲಿ ಕೇಳುವುದು ತಮಿಳು. ಈ ಮೂರರ ನಡುವೆ ಮಗುವು ಕಂಡ ವಸ್ತುವಿಗೆ ತನ್ನ ಬಾಯಲ್ಲಿರುವ ಹೆಸರನ್ನು ಬರೆಯಲು ಅಳುಕುತ್ತದೆ; ತಪ್ಪಾಗದ ಸಾಮಾನ್ಯ ಪದವೊಂದನ್ನು ಬರೆದು ಮುಗಿಸುತ್ತದೆ.

ಈ ಪಾಠದ ಉದ್ದೇಶ ಆ ಅಳುಕನ್ನು ಬಿಡಿಸಿ, ಮೊದಲು ನೋಡುವುದನ್ನು, ಆಮೇಲೆ ಹೆಸರಿಸುವುದನ್ನು, ಕೊನೆಗೆ ಬರೆಯುವುದನ್ನು ಕ್ರಮವಾಗಿ ಕಲಿಸುವುದು. ಅದಕ್ಕಾಗಿ ಇಲ್ಲಿ ಆರಿಸಿಕೊಂಡ ವಸ್ತು ಆನೆಮಲೆಯ ಹುಲ್ಲುಬೆಟ್ಟಗಳು ಮತ್ತು ಶರತ್ಕಾಲದಲ್ಲಿ ಅಲ್ಲಿ ಕಾಣುವ ಹಕ್ಕಿಗಳು. ಈ ಆಯ್ಕೆಗೆ ಕಾರಣವಿದೆ. ಆ ಬೆಟ್ಟಗಳಿಗೆ ಜನರು ಕೊಟ್ಟ ತಪ್ಪು ಹೆಸರು ಅವುಗಳಿಗೆ ದೊಡ್ಡ ಹಾನಿಯನ್ನು ಉಂಟುಮಾಡಿದೆ. ನೋಡದೆ ಹೆಸರಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸಮೀಪದ ಉದಾಹರಣೆ ಈ ಎರಡು ಜಿಲ್ಲೆಗಳ ಶಾಲೆಗಳಿಗೆ ದೊರೆಯಲಾರದು.

ಶಿಕ್ಷಕರಿಗೆ ಹಿನ್ನೆಲೆ: ನೆಲ

ಕೊಯಮತ್ತೂರು ನಗರವು ಪಾಲಕ್ಕಾಡು ಕಂಡಿಯ ಪೂರ್ವದ ಬಾಯಲ್ಲಿದೆ. ಉದ್ದಕ್ಕೂ ಗೋಡೆಯಂತೆ ನಿಂತಿರುವ ಪಶ್ಚಿಮಘಟ್ಟವು ಇಲ್ಲಿ ಸುಮಾರು 30 ಕಿಲೋಮೀಟರಿನಷ್ಟು ಅಗಲಕ್ಕೆ ಕಡಿದುಹೋಗಿದೆ. ಈ ತೆರಪಿನ ಉತ್ತರಕ್ಕೆ ನೀಲಗಿರಿ, ದಕ್ಷಿಣಕ್ಕೆ ಆನೆಮಲೆ. ಆನೆಮಲೆ ಹುಲಿ ಸಂರಕ್ಷಿತ ಪ್ರದೇಶವು ಕೊಯಮತ್ತೂರು ಜಿಲ್ಲೆಯ ಪೊಳ್ಳಾಚಿ, ವಾಲ್ಪಾರೈ ಭಾಗಗಳಲ್ಲಿಯೂ ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೆ ಭಾಗದಲ್ಲಿಯೂ ಹರಡಿದೆ. ಅದರ ಎತ್ತರದ ಭಾಗವೇ ಗ್ರಾಸ್ ಹಿಲ್ಸ್ ಎಂದು ಪ್ರಸಿದ್ಧವಾದ ಹುಲ್ಲುಬೆಟ್ಟಗಳು. ಇವು ಕೇರಳದ ಇರವಿಕುಳಂ ರಾಷ್ಟ್ರೀಯ ಉದ್ಯಾನಕ್ಕೆ ಹೊಂದಿಕೊಂಡಿವೆ. 2,695 ಮೀಟರ್ ಎತ್ತರದ ಆನೆಮುಡಿ ಶಿಖರವು ಅಲ್ಲಿಯೇ ಇದೆ.

ಈ ಎತ್ತರದಲ್ಲಿ ಬೆಟ್ಟದ ಮೈಯೆಲ್ಲ ಹುಲ್ಲು. ಕಣಿವೆಯ ಮಡಿಕೆಗಳಲ್ಲಿ ಮಾತ್ರ ಕುಳ್ಳಾದ ದಟ್ಟವಾದ ಕಾಡು. ಈ ಕಾಡಿಗೆ ಶೋಲಾ ಎಂದು ಹೆಸರು. ತೋಪು ಎಂಬ ಅರ್ಥದ ತಮಿಳಿನ ‘ಶೋಲೈ’ ಶಬ್ದವೇ ಇದರ ಮೂಲ. ಕಾಡು ಕಡಿದುದರಿಂದ ಹುಲ್ಲು ಬಂದಿತೆಂದು ಹಲವರು ತಿಳಿಯುವುದುಂಟು. ಆದರೆ ಚಳಿಗಾಲದ ಹೆಪ್ಪುಗಟ್ಟುವ ಇಬ್ಬನಿ, ಗಾಳಿ, ಬೆಂಕಿ ಇವುಗಳ ನಡುವೆ ಹುಲ್ಲು ಮತ್ತು ಶೋಲಾ ಸಾವಿರಾರು ವರ್ಷಗಳಿಂದ ಅಕ್ಕಪಕ್ಕದಲ್ಲಿಯೇ ಬದುಕಿವೆ. ಮಳೆನೀರನ್ನು ಹಿಡಿದು ಮೆಲ್ಲನೆ ಬಿಡುವ ಕೆಲಸವನ್ನು ಎರಡೂ ಸೇರಿ ಮಾಡುತ್ತವೆ. ಆನೆಮಲೆಯಲ್ಲಿ ಹುಟ್ಟುವ ತೊರೆಗಳ ನೀರು ಆಳಿಯಾರು, ತಿರುಮೂರ್ತಿ, ಅಮರಾವತಿ ಅಣೆಕಟ್ಟುಗಳ ಮೂಲಕ ಈ ಎರಡು ಜಿಲ್ಲೆಗಳ ಹೊಲಗಳಿಗೂ ಊರುಗಳಿಗೂ ಬರುತ್ತದೆ.

ಓದುವ ಪಾಠ: ಆಳಿಯಾರಿನಿಂದ ಹುಲ್ಲಿನವರೆಗೆ

(ಇದನ್ನು ಶಿಕ್ಷಕರು ಗಟ್ಟಿಯಾಗಿ ಓದಿ, ಒಂದೊಂದು ಖಂಡದ ಕೊನೆಯಲ್ಲಿ ನಿಲ್ಲಿಸಬೇಕು.)

ಬಯಲುಸೀಮೆಯಲ್ಲಿ ಪುರಟ್ಟಾಸಿ ಮುಗಿದು ಐಪ್ಪಸಿ ಬರುವ ವೇಳೆಗೆ, ಅಂದರೆ ನಮ್ಮ ಆಶ್ವಯುಜದ ಸುಮಾರಿಗೆ, ಆನೆಮಲೆಯ ಮುಂಗಾರು ತಗ್ಗಿರುತ್ತದೆ. ಹಿಂಗಾರಿನ ಮೋಡಗಳು ಮಧ್ಯಾಹ್ನದ ಮೇಲೆ ಏರತೊಡಗುತ್ತವೆ. ಹುಲ್ಲು ಬೆಳೆದು ತೆನೆಬಿಟ್ಟಿರುತ್ತದೆ. ಹಕ್ಕಿಗಳನ್ನು ನೋಡಲು ಬೆಳಗಿನ ಹೊತ್ತೇ ತಕ್ಕದ್ದು.

ಆಳಿಯಾರು ಅಣೆಕಟ್ಟನ್ನು ದಾಟಿದ ರಸ್ತೆಯು 40 ತಿರುವುಗಳಲ್ಲಿ ವಾಲ್ಪಾರೈಗೆ ಏರುತ್ತದೆ. ಕೆಳಗೆ ಒಣಕಾಡು, ನಡುವೆ ತೇವದ ಕಾಡು, ಮೇಲೆ ಚಹಾ ತೋಟ. ತೋಟಗಳ ನಡುವಿನ ತೊರೆಗಳಲ್ಲಿ ಮೊದಲ ಪ್ರವಾಸಿಯ ಭೇಟಿಯಾಗುತ್ತದೆ. ಕಲ್ಲಿನಿಂದ ಕಲ್ಲಿಗೆ ಹಾರುತ್ತ, ಉದ್ದನೆಯ ಬಾಲವನ್ನು ಎಡೆಬಿಡದೆ ಮೇಲೆ ಕೆಳಗೆ ಆಡಿಸುವ ಈ ತೆಳ್ಳನೆಯ ಹಕ್ಕಿ ಬೂದು ಸಿಪಿಲೆ. ಬೆನ್ನು ಬೂದಿಬಣ್ಣ, ಬಾಲದ ಬುಡದ ಕೆಳಗೆ ಹಳದಿ. ಹಿಮಾಲಯದಲ್ಲಿಯೂ ಅದರಾಚೆಯ ಉತ್ತರದ ನಾಡುಗಳಲ್ಲಿಯೂ ಮರಿಮಾಡುವ ಇದು ಸೆಪ್ಟೆಂಬರಿನ ಹೊತ್ತಿಗೆ ದಕ್ಷಿಣದ ಬೆಟ್ಟಗಳನ್ನು ಸೇರುತ್ತದೆ. ಅದೇ ದಿನಗಳಲ್ಲಿ ಎಲೆಗಳ ಮರೆಯಲ್ಲಿ ಹುಳು ಹುಡುಕುವ ಹಸಿರುಛಾಯೆಯ ಪುಟ್ಟ ಉಲಿಯಕ್ಕಿಗಳೂ ಬರುತ್ತವೆ. ಇವುಗಳನ್ನು ಕಣ್ಣಿಗಿಂತ ಕಿವಿಯಿಂದ ಗುರುತಿಸುವುದು ಸುಲಭ.

ಶೋಲಾದ ಅಂಚಿಗೆ ಬಂದಾಗ ನಡಿಗೆ ತಾನಾಗಿ ನಿಧಾನವಾಗುತ್ತದೆ. ಒಳಗೆ ಕತ್ತಲೆ, ತೇವ, ಪಾಚಿ ಹಿಡಿದ ಕೊಂಬೆಗಳು. ಪೊದೆಯೊಳಗಿನಿಂದ ಒಂದು ಹಕ್ಕಿ ಕೂಗಿದರೆ ಇನ್ನೊಂದು ಉತ್ತರಿಸುತ್ತದೆ, ಕ್ಷಣದಲ್ಲಿ ಗುಂಪೆಲ್ಲ ಒಟ್ಟಿಗೆ ನಕ್ಕಂತೆ ಕೇಳುತ್ತದೆ. ಇವು ನಗೆಮಲ್ಲ ಹಕ್ಕಿಗಳು. ನೆಲದ ಹತ್ತಿರ, ಒದ್ದೆ ಎಲೆಗಳ ನಡುವೆ ಕುಪ್ಪಳಿಸುವ ಕಡುನೀಲಿಯ, ಬಿಳಿಹೊಟ್ಟೆಯ ಪುಟ್ಟ ಹಕ್ಕಿಯೊಂದು ಒಮ್ಮೆ ಕಂಡು ಮರೆಯಾಗುತ್ತದೆ. ಪ್ರವಾಸಿಗಳಂತೆ ಇದು ಎಲ್ಲಿಗೂ ಹೋಗುವುದಿಲ್ಲ. ಹುಟ್ಟಿದ ಬೆಟ್ಟದ ಶೋಲಾವೇ ಇದಕ್ಕೆ ಜಗತ್ತು.

ಶೋಲಾದಿಂದ ಹೊರಬಿದ್ದರೆ ಹುಲ್ಲು. ಮೊದಲ ನೋಟಕ್ಕೆ ಇಲ್ಲಿ ಏನೂ ಇಲ್ಲವೆಂದೇ ತೋರುತ್ತದೆ. ಐದು ನಿಮಿಷ ಅಲುಗದೆ ನಿಂತವರಿಗೆ ಬೇರೆಯೇ ಕಾಣುತ್ತದೆ. ಗಾಳಿಗೆ ಎದುರಾಗಿ, ಆಕಾಶದ ಒಂದೇ ಬಿಂದುವಿನಲ್ಲಿ ರೆಕ್ಕೆ ಬಡಿಯುತ್ತ ನಿಂತ ಹಕ್ಕಿ ಚಾಣದ ಜಾತಿಯದು. ಕೆಳಗಿನ ಹುಲ್ಲಿನಲ್ಲಿ ಅದು ಇಲಿಯನ್ನೋ ಮಿಡತೆಯನ್ನೋ ಹುಡುಕುತ್ತಿದೆ. ಅಡಿಯ ಮುಂದೆಯೇ ಹುಲ್ಲಿನ ಬುಡದಿಂದ ಕಂದುಬಣ್ಣದ, ಮೈಮೇಲೆ ಕಪ್ಪು ಗೀರುಗಳಿರುವ ಹಕ್ಕಿಯೊಂದು ಬುರ್ರನೆ ಎದ್ದು ಹತ್ತಿರದ ಗಿಡದ ಮೇಲೆ ಕೂರುತ್ತದೆ. ಬಯಲಿನ ಗದ್ದೆಬದುಗಳಲ್ಲಿ ಕಾಣುವ ಪಿಪಿಳೀಕದ ಬಂಧುವಾದ ಇದು ನೀಲಗಿರಿ ಪಿಪಿಳೀಕ. ನೀಲಗಿರಿ, ಆನೆಮಲೆ, ಪಳನಿ ಮೊದಲಾದ ಪಶ್ಚಿಮಘಟ್ಟದ ದಕ್ಷಿಣಭಾಗದ ಎತ್ತರದ ಹುಲ್ಲುಗಾವಲುಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಈ ಹಕ್ಕಿ ಇಲ್ಲ. ಹುಲ್ಲಿನ ಬುಡದಲ್ಲಿ, ನೆಲದ ಮೇಲೆಯೇ ಇದರ ಗೂಡು. ಹುಲ್ಲು ಹೋದರೆ ಇದಕ್ಕೆ ಹೋಗಲು ಎಡೆಯಿಲ್ಲ.

ಎದುರಿನ ಬಂಡೆಯ ಅಂಚಿನಲ್ಲಿ ಮೇಯುವ ಮೃಗ ವರೈಯಾಡು, ತಮಿಳುನಾಡಿನ ರಾಜ್ಯಪ್ರಾಣಿ. ಅದಕ್ಕೂ ಈ ಹುಲ್ಲೇ ಆಧಾರ.

ತೆರಪಿನ ಎರಡು ಕಡೆ

ಶೋಲಾದ ಹಕ್ಕಿಗಳ ವಿಷಯದಲ್ಲಿ ಪಾಲಕ್ಕಾಡು ಕಂಡಿಗೆ ವಿಶೇಷ ಸ್ಥಾನವಿದೆ. ಎತ್ತರದ ತಂಪಿಗೆ ಒಗ್ಗಿದ ಈ ಹಕ್ಕಿಗಳು ಬಿಸಿಲಿನ ತಗ್ಗುನೆಲವನ್ನು ದಾಟುವುದಿಲ್ಲ. ಸಮುದ್ರದ ನಡುವಿನ ದ್ವೀಪಗಳಂತೆ ಒಂದೊಂದು ಬೆಟ್ಟಸಾಲಿನಲ್ಲಿಯೂ ಅವು ಬೇರೆಬೇರೆಯಾಗಿ ಲಕ್ಷಾಂತರ ವರ್ಷ ಬೆಳೆದಿವೆ. ಉತ್ತರದ ನೀಲಗಿರಿಯ ನಗೆಮಲ್ಲಕ್ಕೆ ಗದ್ದ ಕಪ್ಪು, ಎದೆ ಹೊಟ್ಟೆಗಳು ಕೆಂಗಂದು. ದಕ್ಷಿಣದ ಆನೆಮಲೆ ಮತ್ತು ಪಳನಿ ಬೆಟ್ಟಗಳದಕ್ಕೆ ಗದ್ದದ ಕಪ್ಪಿಲ್ಲ, ಎದೆ ಬೂದಿಬಣ್ಣ. ನೀಲಹಕ್ಕಿಯೂ ಹೀಗೆಯೇ: ಕಂಡಿಯ ಉತ್ತರದಲ್ಲಿ ಪಕ್ಕೆಗಳು ಕಂದು, ದಕ್ಷಿಣದಲ್ಲಿ ಹೊಟ್ಟೆ ಬಿಳಿ.

ಬಹುಕಾಲ ಈ ಹಕ್ಕಿಗಳನ್ನು ಹಿಮಾಲಯದ ಮತ್ತು ಪೂರ್ವ ಏಷ್ಯಾದ ಹಕ್ಕಿಗಳ ಕುಲಗಳಲ್ಲಿ ಸೇರಿಸಿ ಹೆಸರಿಸಲಾಗಿತ್ತು. 2017ರಲ್ಲಿ ಪ್ರಕಟವಾದ ಸಂಶೋಧನೆಯು ಅವುಗಳ ವಂಶವಾಹಿ, ಮೈಬಣ್ಣ, ಹಾಡುಗಳನ್ನು ಹೋಲಿಸಿ, ಇವು ಪಶ್ಚಿಮಘಟ್ಟದಲ್ಲಿಯೇ ಕವಲೊಡೆದ ಪ್ರತ್ಯೇಕ ಕುಲಗಳೆಂದು ತೋರಿಸಿತು. ಆಗ ನೀಲಹಕ್ಕಿಗಳ ಕುಲಕ್ಕೆ ಇಟ್ಟ ಹೆಸರು ‘ಶೋಲಿಕೋಲ’, ಅಂದರೆ ಶೋಲಾದಲ್ಲಿ ವಾಸಿಸುವುದು. ಬೆಟ್ಟದ ಜನರ ಬಾಯಲ್ಲಿದ್ದ ದ್ರಾವಿಡ ಪದವೊಂದು ಹೀಗೆ ಲ್ಯಾಟಿನಿನ ಬಾಲದೊಡನೆ ವಿಜ್ಞಾನದ ಹೆಸರಾಯಿತು. ಹೆಸರು ಬದಲಾದುದು ಮತ್ತೊಮ್ಮೆ ಸರಿಯಾಗಿ ನೋಡಿದ್ದರಿಂದ ಎಂಬುದನ್ನು ವಿದ್ಯಾರ್ಥಿಗಳಿಗೆ ಒತ್ತಿ ಹೇಳಬೇಕು.

ಹಕ್ಕಿಗಳ ಅಧ್ಯಯನಕ್ಕೆಂದು 1990ರಲ್ಲಿ ಸ್ಥಾಪನೆಯಾದ ಸಲೀಂ ಅಲಿ ಪಕ್ಷಿವಿಜ್ಞಾನ ಮತ್ತು ನಿಸರ್ಗೇತಿಹಾಸ ಕೇಂದ್ರವು ಕೊಯಮತ್ತೂರಿನ ಸಮೀಪದ ಆನೈಕಟ್ಟಿಯಲ್ಲಿದೆ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಯನ್ನು ನಡೆಸಿದವರೂ ಇದೇ ಸಲೀಂ ಅಲಿಯವರು. ಕನ್ನಡದಲ್ಲಿ ಹಕ್ಕಿಗಳ ಕುರಿತು ಓದಬಯಸುವ ವಿದ್ಯಾರ್ಥಿಗಳಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿಪುಕ್ಕ’ವನ್ನು ಶಾಲಾ ಗ್ರಂಥಾಲಯದಲ್ಲಿ ಒದಗಿಸುವುದು ಒಳಿತು.

ಒಂದು ಪದದ ಹಾನಿ

ತೆರಿಗೆ ತರದ, ಉಳುಮೆಯಿಲ್ಲದ, ಮರವಿಲ್ಲದ ನೆಲವನ್ನು ಬ್ರಿಟಿಷರ ಕಾಲದ ಕಂದಾಯ ವ್ಯವಸ್ಥೆಯು ಪಾಳುಭೂಮಿ ಎಂಬ ಲೆಕ್ಕಕ್ಕೆ ಸೇರಿಸಿತು. ಪಾಳುಬಿದ್ದುದನ್ನು ಉಪಯೋಗಕ್ಕೆ ತರುವುದು ಒಳ್ಳೆಯ ಕೆಲಸವಲ್ಲವೆ? ಆ ತರ್ಕದಂತೆ ಎತ್ತರದ ಹುಲ್ಲುಬೆಟ್ಟಗಳಲ್ಲಿ ಆಸ್ಟ್ರೇಲಿಯದಿಂದ ತಂದ ವ್ಯಾಟಲ್ ಮತ್ತು ಯೂಕಲಿಪ್ಟಸ್ ಮರಗಳನ್ನು ನೆಡಲಾಯಿತು. ಸ್ವಾತಂತ್ರ್ಯದ ನಂತರವೂ ಆ ನೆಡುತೋಪುಗಳು ದಶಕಗಳ ಕಾಲ ಹಬ್ಬಿದವು. ವ್ಯಾಟಲ್ ಈಗ ಯಾರೂ ನೆಡದೆಯೇ ಹರಡುತ್ತದೆ. ಆನೆಮಲೆಗೆ ಹೊಂದಿಕೊಂಡ ಪಳನಿ ಬೆಟ್ಟಗಳಲ್ಲಿ ನಾಲ್ಕು ದಶಕಗಳ ಅವಧಿಯಲ್ಲಿ ಹುಲ್ಲುಗಾವಲಿನ ಸುಮಾರು ಮೂರರಲ್ಲಿ ಎರಡು ಭಾಗ ನೆಡುತೋಪುಗಳಿಗೂ ಬೇಸಾಯಕ್ಕೂ ಸಂದಿತೆಂದು 2018ರಲ್ಲಿ ಪ್ರಕಟವಾದ ಅಧ್ಯಯನವು ತಿಳಿಸುತ್ತದೆ. ಅಲ್ಲಿದ್ದ ಪಿಪಿಳೀಕಗಳ ನೆಲೆಯೂ ಅಷ್ಟರಮಟ್ಟಿಗೆ ಹೋಯಿತು. ಇದನ್ನು ಮಾಡಿದವರಲ್ಲಿ ಅನೇಕರು ತಾವು ಬೆಟ್ಟವನ್ನು ಹಸಿರಾಗಿಸುತ್ತಿದ್ದೇವೆ ಎಂದೇ ನಂಬಿದ್ದರು.

ಇಲ್ಲಿ ಭಾಷಾಶಿಕ್ಷಕರು ಎರಡು ಅಂಶಗಳನ್ನು ಎತ್ತಿಕೊಳ್ಳಬೇಕು. ಮೊದಲನೆಯದು, ಕನ್ನಡದಲ್ಲಿ ಯೂಕಲಿಪ್ಟಸ್ಸಿಗೆ ರೂಢಿಯಾದ ಹೆಸರೇ ‘ನೀಲಗಿರಿ ಮರ’. ಹೊರಗಿನಿಂದ ಬಂದ ಮರಕ್ಕೆ ಬೆಟ್ಟದ ಹೆಸರು ಅಂಟಿದ್ದರಿಂದ ಅದು ಆ ಬೆಟ್ಟದ್ದೇ ಮರವೆಂದು ಮಕ್ಕಳು ತಿಳಿಯುತ್ತಾರೆ. ಎರಡನೆಯದು, ಮರವಿಲ್ಲದ ನೆಲವನ್ನು ಗೌರವದಿಂದ ಕರೆಯುವ ಪದಗಳು ಕನ್ನಡದಲ್ಲಿ ಇವೆ. ಗೋಮಾಳ, ಕಾವಲು, ಹುಲ್ಲುಗಾವಲು ಎಂಬ ಪದಗಳಲ್ಲಿ ಆ ನೆಲದ ಬೆಲೆ ಏನೆಂಬುದು ಅಡಗಿದೆ. ಬೀಳು, ಪಾಳು, ಬಂಜರು ಎಂಬ ಪದಗಳಲ್ಲಿ ಅದು ಕಾಣುವುದಿಲ್ಲ. ಒಂದೇ ನೆಲವನ್ನು ಕಾವಲು ಎಂದು ಕರೆದರೆ ಕಾಯಬೇಕೆನಿಸುತ್ತದೆ. ಬಂಜರು ಎಂದು ಕರೆದರೆ ಬದಲಾಯಿಸಬೇಕೆನಿಸುತ್ತದೆ.

ವನಮಹೋತ್ಸವದ ಸಂದರ್ಭದಲ್ಲಿಯೂ ಈ ತಿಳಿವಳಿಕೆ ಬೇಕು. ಶಾಲೆಯ ಅಂಗಳದಲ್ಲಿ, ಬೀದಿಬದಿಯಲ್ಲಿ ಗಿಡ ನೆಡುವುದು ಸರಿಯಾದ ಕೆಲಸ. ಹುಲ್ಲುಗಾವಲಿನಲ್ಲಿ ನೆಡಬೇಕಾದುದು ಏನೂ ಇಲ್ಲ ಎಂಬುದನ್ನೂ ಮಕ್ಕಳು ಕಲಿಯಬೇಕು.

ಪದವಿಚಾರ: ಅಕ್ಕಪಕ್ಕದ ಭಾಷೆಗಳು

ತಮಿಳು ಬಲ್ಲ ಕನ್ನಡ ವಿದ್ಯಾರ್ಥಿಗೆ ಒಂದು ಅನುಕೂಲವಿದೆ: ಒಂದೇ ಪದದ ಎರಡು ರೂಪಗಳು ಅವನ ಕಿವಿಯಲ್ಲಿರುತ್ತವೆ. ಕೆಳಗಿನ ಜೋಡಿಗಳನ್ನು ಕಪ್ಪುಹಲಗೆಯ ಮೇಲೆ ಬರೆದು ನಿಯಮವನ್ನು ಮಕ್ಕಳಿಂದಲೇ ಹೊರಡಿಸಬೇಕು.

ಪುಲ್ – ಹುಲ್ಲು. ಪುಲಿ – ಹುಲಿ. ಪಾಲ್ – ಹಾಲು. ತಮಿಳಿನ ಪಕಾರವು ಕನ್ನಡದಲ್ಲಿ ಹಕಾರವಾಗಿದೆ. ಹಳಗನ್ನಡದಲ್ಲಿ ಇವು ಪುಲ್, ಪುಲಿ, ಪಾಲ್ ಎಂದೇ ಇದ್ದುವು.

ವಾಲ್ – ಬಾಲ. ವೇರ್ – ಬೇರು. ವಿಲ್ – ಬಿಲ್ಲು. ತಮಿಳಿನ ವಕಾರದ ಎಡೆಯಲ್ಲಿ ಕನ್ನಡಕ್ಕೆ ಬಕಾರ.

ಈ ನಿಯಮ ತಿಳಿದ ಮೇಲೆ ಸಿಪಿಲೆಯ ತಮಿಳು ಹೆಸರನ್ನು ಕೊಡಬೇಕು: ವಾಲಾಟ್ಟಿ. ‘ಬಾಲ ಆಡಿಸುವುದು’ ಎಂಬ ಅರ್ಥವನ್ನು ವಿದ್ಯಾರ್ಥಿಗಳು ತಾವೇ ಬಿಡಿಸುತ್ತಾರೆ. ಕೆರೆಯಂಚಿನ ಟಿಟ್ಟಿಭಕ್ಕೆ ತಮಿಳಿನಲ್ಲಿ ಆಳ್ಕಾಟ್ಟಿ ಎನ್ನುತ್ತಾರೆ. ಆಳು ಬಂದುದನ್ನು ಕೂಗಿ ತೋರಿಸಿಕೊಡುವ ಹಕ್ಕಿ ಎಂದರ್ಥ. ಕನ್ನಡದ ಹೆಸರು ಅದರ ಕೂಗಿನಂತಿದೆ, ತಮಿಳಿನದು ಅದರ ನಡತೆಯಿಂದ ಬಂದಿದೆ. ಎರಡೂ ನೋಡಿ ಕೇಳಿ ಇಟ್ಟ ಹೆಸರುಗಳೇ. ಮಗುವು ಮನೆಯ ಹೆಸರನ್ನೋ ತಮಿಳು ಹೆಸರನ್ನೋ ಹೇಳಿದರೆ ಅದನ್ನು ತಪ್ಪೆಂದು ಅಳಿಸದೆ, ಪುಸ್ತಕದ ಹೆಸರಿನ ಪಕ್ಕದಲ್ಲಿ ಬರೆಸಬೇಕು. ಅಜ್ಜಿಯರಿಂದ ಕೇಳಿ ತಂದ ಹೆಸರುಗಳಿಗೆ ಪ್ರತ್ಯೇಕವಾದ ಹಾಳೆಯೊಂದನ್ನು ತರಗತಿಯ ಗೋಡೆಯ ಮೇಲೆ ಅಂಟಿಸಬಹುದು. ಆ ಹೆಸರುಗಳಲ್ಲಿ ಕೆಲವು ಇನ್ನಾವ ಪುಸ್ತಕದಲ್ಲಿಯೂ ಬರೆದಿಲ್ಲದಿರಬಹುದು.

ಚಟುವಟಿಕೆಗಳು

1. ಶಾಲೆಯ ಸಮೀಪದ ನಡಿಗೆ. ಗ್ರಾಸ್ ಹಿಲ್ಸ್ ಪ್ರದೇಶಕ್ಕೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಪ್ರವೇಶವಿಲ್ಲ. ಅಲ್ಲಿಗೆ ಮಕ್ಕಳನ್ನು ಕರೆದೊಯ್ಯುವ ಅಗತ್ಯವೂ ಇಲ್ಲ. ಕೊಯಮತ್ತೂರಿನ ಶಾಲೆಗಳು ಸಿಂಗಾನಲ್ಲೂರು, ಉಕ್ಕಡಂ ಕೆರೆಗಳನ್ನು, ತಿರುಪ್ಪೂರಿನ ಶಾಲೆಗಳು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ನಂಜರಾಯನ್ ಕೆರೆಯನ್ನು ಆರಿಸಿಕೊಳ್ಳಬಹುದು. ಹುಲ್ಲುಗಾವಲನ್ನೇ ನೋಡಬೇಕೆಂದರೆ ಕಾಂಗೇಯಂ, ಧಾರಾಪುರಂ ಕಡೆಯ ಕೊರಂಗಾಡುಗಳಿವೆ. ಮುಳ್ಳುಕಿಳುವೆಯ ಜೀವಂತ ಬೇಲಿ, ನಡುವೆ ಕೊಳುಕಟ್ಟೈ ಹುಲ್ಲು, ಅಲ್ಲಲ್ಲಿ ತಮಿಳಿನಲ್ಲಿ ವೆಳ್ವೇಲ್ ಎನ್ನುವ ಬಿಳಿಜಾಲಿ ಮರ, ಮೇಯುವ ಕಾಂಗೇಯಂ ದನಗಳು: ಇದು ರೈತರು ತಲೆತಲಾಂತರದಿಂದ ಕಾಪಾಡಿಕೊಂಡು ಬಂದ ಹುಲ್ಲುಗಾವಲು. ಗೌಜಲಹಕ್ಕಿಯ ಕೂಗು ಇಲ್ಲಿ ಕೇಳಸಿಗುತ್ತದೆ. ಮಾಲೀಕರ ಒಪ್ಪಿಗೆ ಪಡೆದು, ಬೇಲಿಯ ಹೊರಗೆ ನಿಂತೇ ನೋಡಬೇಕು.

2. ಮೂರು ಅಂಕಣಗಳ ಟಿಪ್ಪಣಿ. ಪುಟವನ್ನು ‘ಕಂಡದ್ದು’, ‘ಕೇಳಿದ್ದು’, ‘ಊಹಿಸಿದ್ದು’ ಎಂದು ವಿಭಾಗಿಸಬೇಕು. ಬಾಲ ಆಡಿಸಿತು ಎಂಬುದು ಮೊದಲ ಅಂಕಣಕ್ಕೆ. ಸಂತೋಷದಿಂದ ಆಡಿಸಿತು ಎಂದು ಬರೆದರೆ ‘ಸಂತೋಷದಿಂದ’ ಎಂಬ ಪದ ಮೂರನೆಯ ಅಂಕಣಕ್ಕೆ ಹೋಗಬೇಕು. ಈ ವಿಂಗಡಣೆಯೇ ಪಾಠದ ತಿರುಳು.

3. ಕ್ರಿಯಾಪದಗಳ ಬೇಟೆ. ‘ಹಾರಿತು’ ಎಂಬ ಪದವನ್ನು ಒಮ್ಮೆ ಮಾತ್ರ ಬಳಸಲು ಅನುಮತಿ. ಉಳಿದೆಡೆ ತೇಲು, ಎರಗು, ಜಿಗಿ, ಕುಪ್ಪಳಿಸು, ಸುತ್ತು, ಇಳಿ, ಕುಕ್ಕು ಮುಂತಾದವುಗಳಲ್ಲಿ ತಕ್ಕುದನ್ನು ಆರಿಸಬೇಕು.

4. ಅನುಕರಣಾವ್ಯಯ. ಕೇಳಿದ ಕೂಗನ್ನು ‘ಚಿಲಿಪಿಲಿ’ ಎನ್ನದೆ, ಕಿವಿಗೆ ಬಿದ್ದಂತೆ ಕನ್ನಡದ ಅಕ್ಷರಗಳಲ್ಲಿ ಬರೆಯಬೇಕು. ಒಂದೇ ಕೂಗನ್ನು ಹತ್ತು ಮಕ್ಕಳು ಹೇಗೆ ಬರೆದರೆಂದು ಹೋಲಿಸಬೇಕು.

ಮಾದರಿ ಹೋಲಿಕೆ

ಮೊದಲ ಬರಹ: ‘ನಾನು ತೊರೆಯ ಬಳಿಗೆ ಹೋದೆನು. ಅಲ್ಲಿ ಒಂದು ಸುಂದರವಾದ ಹಕ್ಕಿ ಇತ್ತು. ಅದು ಚಿಲಿಪಿಲಿ ಎಂದು ಹಾಡುತ್ತ ಹಾರಿಹೋಯಿತು.’

ತಿದ್ದಿದ ಬರಹ: ‘ತೊರೆಯ ನಡುವಿನ ಕಲ್ಲಿನ ಮೇಲೆ ಒಂದು ಹಕ್ಕಿ ಇತ್ತು. ಗುಬ್ಬಿಗಿಂತ ತೆಳ್ಳಗೆ, ಬಾಲ ಉದ್ದ. ಬೆನ್ನು ಬೂದಿ, ಬಾಲದ ಕೆಳಗೆ ಹಳದಿ. ಬಾಲ ಒಂದು ಕ್ಷಣವೂ ನಿಲ್ಲಲಿಲ್ಲ. ಎರಡು ಹೆಜ್ಜೆ ಮುಂದಿಟ್ಟಾಗ ಚಿಟ್‌ಚಿಟ್ ಎನ್ನುತ್ತ ಅಲೆಯಂತೆ ಏರಿ ಇಳಿದು ಮುಂದಿನ ಕಲ್ಲನ್ನು ಸೇರಿತು.’

ಎರಡನೆಯ ಬರಹದಲ್ಲಿ ‘ಸುಂದರ’ ಎಂಬ ಪದವಿಲ್ಲ. ಹಕ್ಕಿಯ ಹೆಸರೂ ಇಲ್ಲ. ಆದರೂ ಅದನ್ನು ಓದಿದವರು ಯಾವ ಹಕ್ಕಿಯೆಂದು ಹೇಳಬಲ್ಲರು. ಹೆಸರು ಗೊತ್ತಿಲ್ಲದ ವಿದ್ಯಾರ್ಥಿಗೆ ಇದು ಧೈರ್ಯ ತುಂಬುವ ಅಂಶ: ಸರಿಯಾಗಿ ನೋಡಿ ಬರೆದಿಟ್ಟರೆ ಹೆಸರು ಆಮೇಲೆ ದೊರೆಯುತ್ತದೆ.

ಮೌಲ್ಯಮಾಪನ

ಗುರುತಿಸಿದ ಹಕ್ಕಿಗಳ ಸಂಖ್ಯೆಗೆ ಅಂಕ ಕೊಡಬಾರದು. ಒಂದೇ ಹಕ್ಕಿಯನ್ನು ಕುರಿತು ಎಂಟು ವಾಕ್ಯ ಬರೆದ ವಿದ್ಯಾರ್ಥಿಯು ಇಪ್ಪತ್ತು ಹೆಸರುಗಳ ಪಟ್ಟಿ ಕೊಟ್ಟವನಿಗಿಂತ ಹೆಚ್ಚು ಕಲಿತಿರುತ್ತಾನೆ. ಪರಿಶೀಲಿಸಬೇಕಾದ ಅಂಶಗಳು ಇವು: ಕಂಡದ್ದು ಊಹಿಸಿದ್ದರೊಡನೆ ಬೆರೆತಿದೆಯೇ, ಕ್ರಿಯಾಪದಗಳು ನಿರ್ದಿಷ್ಟವಾಗಿವೆಯೇ, ಹಕ್ಕಿ ಇದ್ದ ನೆಲದ ವಿವರವಿದೆಯೇ, ಮನೆಯ ಪದವೊಂದಾದರೂ ಬರಹಕ್ಕೆ ಬಂದಿದೆಯೇ.

ಕೊನೆಯ ಅವಧಿಯಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನಲ್ಲಿ ಜನರು ‘ಖಾಲಿ ಜಾಗ’ ಎನ್ನುವ ಒಂದು ಸ್ಥಳವನ್ನು ಆರಿಸಿ, ಅಲ್ಲಿ ಅರ್ಧ ಗಂಟೆ ಕುಳಿತು, ಕಂಡುದನ್ನೆಲ್ಲ ಬರೆದು ತರಬೇಕು. ಆ ಬರಹದ ಕೊನೆಯಲ್ಲಿ ಆ ಸ್ಥಳಕ್ಕೆ ತಾನು ಇಡಬಯಸುವ ಕನ್ನಡದ ಹೆಸರನ್ನೂ, ಆ ಹೆಸರಿಗೆ ಕಾರಣವನ್ನೂ ಒಂದು ವಾಕ್ಯದಲ್ಲಿ ಸೂಚಿಸಬೇಕು.